ಹುಬ್ಬಳ್ಳಿಯ ಭಾನುವಾರದ ತರಗತಿಯಿಂದ ಸ್ಕಿಪ್ಪರ್ ಪರೀಕ್ಷೆಯವರೆಗೆ: ಹಾಯಿದೋಣಿ ತರಬೇತಿಯ ವಿಮರ್ಶೆ

ಈ ವರ್ಷ ದಸರೆ ಮುಗಿದ ಮೇಲೆ ನನ್ನ ಅಕ್ಕನ ಮಗ ಪ್ರತಿ ಭಾನುವಾರ ಬೆಳಿಗ್ಗೆ ಗದಗದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು, ಹನ್ನೆರಡು ವರ್ಷಗಳ ಹಿಂದೆ ನಾನು ಕುಳಿತಿದ್ದ ಅದೇ ಕೋಣೆಯಲ್ಲಿ, ಅದೇ ಗುರುಗಳ ಮುಂದೆ ಹಾಯಿದೋಣಿ ನಡೆಸುವ ಲೆಕ್ಕಾಚಾರ ಕಲಿಯುತ್ತಿದ್ದಾನೆ. ಸೇರುವ ಮೊದಲು ಅವನು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದ: "ಮಾಮಾ, ಸಮುದ್ರನ ಇಲ್ಲದ ಊರಾಗ ಇದಕ್ಕ ರೊಕ್ಕ ಹಾಕಿದ್ರ ಖರೇನ ಉಪಯೋಗ ಐತೇನು?" ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಈ ಹಾದಿಯಲ್ಲಿ ನಾನು ಹಣ ಕೊಟ್ಟು ಪಡೆದ ಸೇವೆಗಳು ಮೂರು: ಹುಬ್ಬಳ್ಳಿಯ ಈ ತರಗತಿ, ಪಶ್ಚಿಮ ಕರಾವಳಿಯ ಒಂದು ತರಬೇತಿ ಶಾಲೆ, ಮತ್ತು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನಡೆದ ಪರೀಕ್ಷೆಯ ವಾರ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ.

ನನ್ನ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗೋಕುಲ ರಸ್ತೆಯಲ್ಲಿ ನಮ್ಮದು ಪಂಪ್‌ಸೆಟ್ ಮಾರುವ ಮತ್ತು ರಿಪೇರಿ ಮಾಡುವ ಅಂಗಡಿ. ಇಪ್ಪತ್ತರ ವಯಸ್ಸಿನವರೆಗೆ ನಾನು ಹತ್ತಿದ್ದ ಏಕೈಕ ದೋಣಿಯೆಂದರೆ ಉಣಕಲ್ ಕೆರೆಯಲ್ಲಿ ಕಾಲಿನಿಂದ ತುಳಿದು ನಡೆಸುವ ದೋಣಿ. 2013ರ ಮಾರ್ಚ್ 31ರಂದು ನೌಕಾಪಡೆಯ ಅಭಿಲಾಷ್ ಟಾಮಿಯವರು ಒಬ್ಬರೇ, ಎಲ್ಲಿಯೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಮುಂಬೈಗೆ ಮರಳಿದ ಸುದ್ದಿಯನ್ನು ಅಂಗಡಿಯ ಕೌಂಟರಿನ ಮೇಲೆ ಹರಡಿದ್ದ ಪತ್ರಿಕೆಯಲ್ಲಿ ಓದಿದೆ. ಆ ದೋಣಿಯ ಹೆಸರು 'ಮ್ಹಾದೆಯಿ' ಎಂದು ತಿಳಿದಾಗ ಆದ ವಿಸ್ಮಯ ಈ ಭಾಗದವರಿಗೆ ಮಾತ್ರ ಅರ್ಥವಾದೀತು. ನವಲಗುಂದ, ನರಗುಂದದ ರೈತರು ಯಾವ ನದಿಯ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದರೋ, ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಯಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುವ ಆ ಮಹದಾಯಿಯ ಹೆಸರೇ ಅದು. ದೋಣಿ ತಯಾರಾದದ್ದೂ ಅದೇ ನದಿಯ ನಡುವಿನ ದಿವಾಡಿ ದ್ವೀಪದಲ್ಲಿ. ನದಿ ನಮ್ಮತ್ತ ತಿರುಗಲಿಲ್ಲ, ನಾನೇ ಅದರ ಜಾಡು ಹಿಡಿದು ಕೆಳಗಿಳಿದೆ ಎಂದು ಗೆಳೆಯರ ಮುಂದೆ ಈಗಲೂ ತಮಾಷೆ ಮಾಡುವುದುಂಟು.

ಆ ವರ್ಷದ ಅಕ್ಟೋಬರಿನಲ್ಲಿ ಭಾನುವಾರದ ತರಗತಿಗೆ ಸೇರಿದೆ. ಹನ್ನೆರಡು ಭಾನುವಾರ, ದಿನಕ್ಕೆ ಮೂರೂವರೆ ಗಂಟೆ, ಒಂದು ತಂಡದಲ್ಲಿ ಎಂಟು ಜನ. ನಡೆಸುವವರು ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಹಳ್ಳಿಯೊಂದರವರು. ಹುಡುಗನಾಗಿದ್ದಾಗ ನದಿಯಲ್ಲಿ ಹುಟ್ಟು ಹಾಕಿ, ನಂತರ ಸರಕು ಹಡಗುಗಳಲ್ಲಿ ದುಡಿದು, ಕೊನೆಗೆ ಇತರರ ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವ ಸ್ಕಿಪ್ಪರ್, ಅಂದರೆ ದೋಣಿಯ ನಾಯಕ, ಆಗಿ ಹತ್ತಾರು ವರ್ಷ ಕಳೆದು ಊರ ಕಡೆ ಬಂದವರು. ನಾವೆಲ್ಲ ಅವರನ್ನು ಕರೆಯುವುದು 'ಸರ್' ಎಂದೇ. ಅವರು ಮಾತ್ರ ಅರವತ್ತು ದಾಟಿದ ವಿದ್ಯಾರ್ಥಿಯನ್ನೂ 'ತಮ್ಮಾ' ಎನ್ನುತ್ತಾರೆ.

ಈ ತರಗತಿ ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಸೇರುವವರು ಇದನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಗೋಡೆಗೆ ತೂಗುಹಾಕುವ ಕಾಗದಕ್ಕಾಗಿ ಬಂದ ಇಬ್ಬರು ನಮ್ಮ ತಂಡದಲ್ಲಿ ನಾಲ್ಕನೆಯ ವಾರಕ್ಕೇ ಬಿಟ್ಟುಹೋದರು. ಲೋಕದಲ್ಲಿ ಹೆಚ್ಚು ಮನ್ನಣೆಯಿರುವ ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಸಂಸ್ಥೆಯ 'ಯಾಟ್‌ಮಾಸ್ಟರ್ ಆಫ್‌ಶೋರ್' ಎಂಬ ಸ್ಕಿಪ್ಪರ್ ಪರೀಕ್ಷೆಗೆ ತರಗತಿಯ ಪ್ರಮಾಣಪತ್ರ ಕಡ್ಡಾಯವೂ ಅಲ್ಲ. ಆ ಜ್ಞಾನ ನಿಮಗಿದೆಯೇ ಎಂಬುದನ್ನು ಅವರು ದೋಣಿಯ ಮೇಲೆಯೇ ಪರೀಕ್ಷಿಸಿ ನೋಡುತ್ತಾರೆ. ಕಡ್ಡಾಯವಾಗಿ ಬೇಕಾದವು ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಬಳಸುವ ಅರ್ಹತಾಪತ್ರ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಮತ್ತು ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕ. ಆ ಲೆಕ್ಕದ ಗೋಳನ್ನು ಮುಂದೆ ಹೇಳುತ್ತೇನೆ.

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರವನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಸರ್ ಕಂಡುಕೊಂಡಿರುವ ಉತ್ತರವೇ ಈ ತರಗತಿಯ ನಿಜವಾದ ಬಂಡವಾಳ. ಉಬ್ಬರವಿಳಿತದ ಪಾಠ ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಶುರುವಾಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ನೀರಿನ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಿಮೆ ಎಂಬುದನ್ನು ತಿಥಿಗಳ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ, ಅದಕ್ಕಿರುವ ಇಂಗ್ಲಿಷ್ ಪದಗಳನ್ನು ಉರುಹೊಡೆಯುವ ಅಗತ್ಯವೇ ನಮಗೆ ಬೀಳಲಿಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ, ಆದರೆ ನೀರು ಪ್ರತಿ ಗಂಟೆಗೂ ಒಂದೇ ಸಮನೆ ಏರುವುದಿಲ್ಲ. ಅದನ್ನು ತೋರಿಸಲು ಅವರು ಒಂದು ಡಜನ್ ಬಾಳೆಹಣ್ಣು ತರಿಸಿ ಆರು ಜನರನ್ನು ಸಾಲಾಗಿ ನಿಲ್ಲಿಸಿ, ಮೊದಲನೆಯವನಿಗೆ ಒಂದು, ಎರಡನೆಯವನಿಗೆ ಎರಡು, ಮುಂದಿನ ಇಬ್ಬರಿಗೆ ಮೂರು ಮೂರು, ಆಮೇಲೆ ಎರಡು, ಕೊನೆಯವನಿಗೆ ಒಂದು ಎಂದು ಹಂಚಿದರು. ಒಟ್ಟು ಏರಿಕೆಯನ್ನು ಹನ್ನೆರಡು ಭಾಗ ಮಾಡಿದರೆ ಗಂಟೆಗಂಟೆಗೆ ಏರುವ ನೀರಿನ ಅಂದಾಜು ಹೀಗೆಯೇ ಸಿಗುತ್ತದೆ. ಕಾರವಾರದ ಕಡೆ ಸುಮಾರು ಎರಡು ಮೀಟರ್ ಏರುವ ನೀರಿನಲ್ಲಿ ಈ ಲೆಕ್ಕ ತಪ್ಪಿದರೂ ಬದುಕಬಹುದು, ನಾಲ್ಕು ಮೀಟರ್ ದಾಟುವ ಮುಂಬೈಯಲ್ಲಿ ತಪ್ಪಿದರೆ ದೋಣಿಯ ತಳ ಕೆಸರಿನ ಮೇಲೆ ಕೂರುತ್ತದೆ. ಮೂರು ಹಣ್ಣು ಸಿಕ್ಕ ಹುಡುಗನ ಮುಖದಲ್ಲಿದ್ದ ಗೆಲುವು ನನಗೆ ನೆನಪಿದೆ. ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಪ್ರವಾಹದ ಸೆಳೆತ ಹೆಚ್ಚು ಎಂಬುದೂ ಅವನ ಜೊತೆಗೇ ನೆನಪಿನಲ್ಲಿ ಉಳಿದಿದೆ.

ಪ್ರವಾಹವಿರುವ ನೀರಿನಲ್ಲಿ ಎತ್ತ ಮುಖ ಮಾಡಬೇಕು ಎಂಬ ಪಾಠಕ್ಕೆ ಅವರು ತಮ್ಮ ಊರಿನ ತುಂಗಭದ್ರೆಯನ್ನೇ ತರುತ್ತಾರೆ. ಹರಿಗೋಲು ಹಾಕುವವನು ಎದುರು ದಂಡೆಯ ಗುಡಿಗೆ ಹೋಗಬೇಕಾದರೆ ಗುಡಿಯ ಕಡೆಗೆ ಮುಖ ಮಾಡುವುದಿಲ್ಲ, ಹೊಳೆಯ ಮೇಲ್ಗಡೆಗೆ ಮಾಡುತ್ತಾನೆ. ಎಷ್ಟು ಮೇಲಕ್ಕೆ ಎಂಬುದನ್ನು ಅವನು ಕಣ್ಣಳತೆಯಲ್ಲಿ ತಿಳಿಯುತ್ತಾನೆ, ನಾವು ನಕಾಶೆಯ ಮೇಲೆ ತ್ರಿಕೋನ ಎಳೆದು ತಿಳಿಯುತ್ತೇವೆ. "ನಾ ನಿಮಗ ಹೊಸಾದು ಏನೂ ಹೇಳಾಕತ್ತಿಲ್ಲ. ನಮ್ಮಪ್ಪಗ ಗೊತ್ತಿದ್ದದ್ದನ್ನ ಪೆನ್ಸಿಲಿನ್ಯಾಗ ಬರ್ಯಾಕ ಕಲಸಾಕತ್ತೇನಿ," ಎನ್ನುತ್ತಿದ್ದರು.

ದಿಕ್ಸೂಚಿಯ ಅಭ್ಯಾಸಕ್ಕೆ ನೃಪತುಂಗ ಬೆಟ್ಟ. ಅಲ್ಲಿಂದ ಉಣಕಲ್ ಕೆರೆಯ ನಡುವಿನ ವಿವೇಕಾನಂದರ ಪ್ರತಿಮೆ ಮತ್ತು ಊರಿನ ಇನ್ನೆರಡು ಗುರುತುಗಳಿಗೆ ಕೈದಿಕ್ಸೂಚಿ ಹಿಡಿದು ಕೋನ ಅಳೆದು, ಮೂರು ಗೆರೆಗಳನ್ನು ನಕಾಶೆಯಲ್ಲಿ ಎಳೆದರೆ ನಾವು ನಿಂತ ಜಾಗ ಸಿಗಬೇಕು. ನನ್ನ ಗೆರೆಗಳು ಒಂದು ಬಿಂದುವಿನಲ್ಲಿ ಸೇರದೆ ಅರ್ಧ ವಿದ್ಯಾನಗರವನ್ನು ನುಂಗುವಷ್ಟು ದೊಡ್ಡ ತ್ರಿಕೋನ ಮಾಡಿದವು. ಬೈಯುವರೆಂದು ಕಾದೆ, ಅವರು, "ಈ ತ್ರಿಕೋನದಾಗ ನಿನಗ ಅಪಾಯ ಹತ್ತಿರ ಇರೂ ಮೂಲಿ ಯಾವುದು? ಅಲ್ಲೇ ಅದೀನಿ ಅಂತ ತಿಳಕೊಂಡು ಮುಂದ ನಡಿ," ಎಂದರು. ಗಾಳಿಯ ಪಾಠಕ್ಕಾಗಿ ಒಂದು ಭಾನುವಾರ ಎಲ್ಲರನ್ನೂ ಗದಗದ ಕಪ್ಪತಗುಡ್ಡದ ಕಡೆಗೆ ಕರೆದೊಯ್ದಿದ್ದರು. ಸಾಲಾಗಿ ನಿಂತ ಗಾಳಿಯಂತ್ರಗಳ ಮುಖ ತಿರುಗಿರುವ ದಿಕ್ಕೇ ಗಾಳಿ ಬರುವ ದಿಕ್ಕು. ಹಿಂತಿರುಗುವಾಗ ಓಡುತ್ತಿರುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿಸಿ, ಕೈಗೆ ತಾಗುವ ಗಾಳಿಗೂ ಯಂತ್ರ ತೋರಿಸುವ ಗಾಳಿಗೂ ಇರುವ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿಸಿದರು. ಚಲಿಸುವ ದೋಣಿಯ ಹಾಯಿಗೆ ಸಿಗುವುದು ಕೈಗೆ ತಾಗಿದಂಥ ಆ ಗಾಳಿ ಎಂಬುದನ್ನು ಮುಂದೆ ಸಮುದ್ರದ ಮೇಲೆ ಯಾರೂ ನನಗೆ ಮತ್ತೆ ಹೇಳಬೇಕಾಗಲಿಲ್ಲ.

ಆದರೂ ಈ ತರಗತಿಯ ಅತ್ಯುತ್ತಮ ಭಾಗ ಪ್ರತಿ ವಾರದ ಕೊನೆಯ ಇಪ್ಪತ್ತು ನಿಮಿಷ. ಒಬ್ಬ ವಿದ್ಯಾರ್ಥಿಯನ್ನು ಸ್ಕಿಪ್ಪರ್ ಎಂದು ಕೂರಿಸಿ ಸರ್ ಒಂದು ಸಂದರ್ಭವನ್ನು ಹೇಳುತ್ತಾರೆ: ರಾತ್ರಿ ಹನ್ನೊಂದು ಗಂಟೆ, ಗಾಳಿ ಏರುತ್ತಿದೆ, ಇಬ್ಬರಿಗೆ ವಾಂತಿ, ಬಲಗಡೆ ಮುಂದೆ ಹಸಿರು ದೀಪದ ಕೆಳಗೆ ಬಿಳಿ ದೀಪ ಕಾಣುತ್ತಿದೆ, ಏನು ಮಾಡುವೆ? ಎರಡು ನಿಮಿಷದಲ್ಲಿ ನಿರ್ಧಾರ, ಅದರ ಕಾರಣ, ಮತ್ತು ಆ ನಿರ್ಧಾರ ತಪ್ಪಾದರೆ ಮುಂದಿನ ದಾರಿ ಹೇಳಬೇಕು. ಹಸಿರಿನ ಕೆಳಗೆ ಬಿಳಿ ಎಂದರೆ ಬಲೆ ಎಳೆಯುತ್ತಿರುವ ಟ್ರಾಲರ್, ಅದಕ್ಕೆ ದಾರಿ ಬಿಡಬೇಕಾದವನು ಹಾಯಿದೋಣಿಯವನೇ ಎಂಬುದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿದೆ, ಪುಸ್ತಕ ನೋಡಿ ಯಾರು ಬೇಕಾದರೂ ಹೇಳಬಹುದು. ಕಷ್ಟವಾಗುತ್ತಿದ್ದದ್ದು ಎಂಟು ಜನ ನೋಡುತ್ತಿರುವಾಗ ಒಂದನ್ನು ಆರಿಸಿ ಅದಕ್ಕೆ ಅಂಟಿಕೊಳ್ಳುವುದು. ಸಮುದ್ರದ ಮೇಲಿನ ಕೋರ್ಸುಗಳಿಗೆ ನಾನು ಇದರ ಹತ್ತು ಪಟ್ಟು ಹಣ ಕೊಟ್ಟಿದ್ದೇನೆ, ಈ ಅಭ್ಯಾಸವನ್ನು ಇಷ್ಟು ಶಿಸ್ತಿನಿಂದ ಮಾಡಿಸಿದವರು ಅಲ್ಲಿ ಸಿಗಲಿಲ್ಲ.

ದೂರುಗಳೂ ಇವೆ, ಅವು ಸಣ್ಣವಲ್ಲ. ಅಭ್ಯಾಸಕ್ಕೆ ಬಳಸುವ ನಕಾಶೆ ವಿದೇಶದ್ದು, ತರಬೇತಿಗೆಂದೇ ಕಲ್ಪಿಸಿ ಅಚ್ಚು ಹಾಕಿದ್ದು. ಅದರಲ್ಲಿರುವ ದೇಶ ಲೋಕದಲ್ಲೇ ಇಲ್ಲ. ಪರೀಕ್ಷೆಯ ದೃಷ್ಟಿಯಿಂದ ಅದು ಸರಿಯಿರಬಹುದು, ಆದರೆ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ನಮ್ಮ ಕರಾವಳಿಯ ನಕಾಶೆಗಳನ್ನೂ ಅದೇ ಊರಿನ ಸರ್ವೆ ಆಫ್ ಇಂಡಿಯಾ ಉಬ್ಬರವಿಳಿತದ ಕೋಷ್ಟಕಗಳನ್ನೂ ಪ್ರಕಟಿಸುತ್ತಿರುವಾಗ ಕಾರವಾರ, ಗೋವೆ, ಮಾಲವಣದ ನೀರಿನ ಮೇಲೆ ನಾಲ್ಕು ವಾರವಾದರೂ ಲೆಕ್ಕ ಮಾಡಿಸಬೇಕಿತ್ತು. ಈಗಲೂ ಅದೇ ಕಲ್ಪನೆಯ ದೇಶವೇ ನಡೆದಿದೆ ಎಂದು ಅಳಿಯ ಹೇಳುತ್ತಾನೆ. ಜಿಪಿಎಸ್ ಮತ್ತು ಎಲೆಕ್ಟ್ರಾನಿಕ್ ನಕಾಶೆಗಳ ಬಗ್ಗೆ ಸರ್ ಅವರಿಗಿರುವ ತಾತ್ಸಾರವನ್ನೂ ನಾನು ಒಪ್ಪುವುದಿಲ್ಲ. ಇಂದಿನ ದೋಣಿಯಲ್ಲಿ ಪರದೆ ಇದ್ದೇ ಇರುತ್ತದೆ, ಅದನ್ನು ಎಲ್ಲಿ ನಂಬಬಾರದು ಎಂಬುದನ್ನು ಕಲಿಸಬೇಕೇ ಹೊರತು ಅದು ಇಲ್ಲವೆಂಬಂತೆ ನಟಿಸಬಾರದು. ರೇಡಿಯೊಗೆ ಇಡೀ ಕೋರ್ಸಿನಲ್ಲಿ ಸಿಗುವುದು ಒಂದೇ ಗಂಟೆ. ವಿವರಣೆಯೆಲ್ಲ ನಮ್ಮ ಧಾರವಾಡ ಕನ್ನಡದಲ್ಲಿ ಸೊಗಸಾಗಿ ನಡೆದರೂ ಕೈಗೆ ಕೊಡುವ ಟಿಪ್ಪಣಿ ಮಾತ್ರ ಇಂಗ್ಲಿಷಿನ ಜೆರಾಕ್ಸ್, ಅದೂ ಮಸುಕಾದ ಜೆರಾಕ್ಸ್. ಇನ್ನೊಂದು ಮಾತು: ನಮ್ಮ ತಂಡದಲ್ಲಿ ಹುಡುಗಿಯರಿರಲಿಲ್ಲ, ಈ ವರ್ಷದ ತಂಡದಲ್ಲಿ ಒಬ್ಬಳಿದ್ದಾಳೆ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ 'ತಾರಿಣಿ' ಹಾಯಿದೋಣಿಯಲ್ಲಿ ಸುಮಾರು ಎಂಟು ತಿಂಗಳು ಭೂಮಿ ಸುತ್ತಿ 2025ರ ಮೇ ತಿಂಗಳಲ್ಲಿ ಗೋವೆಗೆ ಮರಳಿದ ಮೇಲಾದರೂ ತರಗತಿಯವರು ಕಾಲೇಜುಗಳಿಗೆ ಹೋಗಿ ಕರೆಯಬೇಕಿತ್ತು.

ತರಗತಿಯ ನಡುವೆಯೇ ಒಂದು ವಾರಾಂತ್ಯ ಡಿಂಗಿಯಲ್ಲಿ ಕುಳಿತು ಬಂದೆ. ಅದಕ್ಕೆ ಮೊದಲು ಈಜು ಕಲಿಯಬೇಕಾಯಿತು, ಏಕೆಂದರೆ ಅವ್ವ, "ಬಾವ್ಯಾಗ ಇಳ್ಯಾಕ ಹೆದರಾಂವ ಸಮುದ್ರಕ್ಕ ಹೊಂಟಾನ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಡಿಂಗಿ ಒಬ್ಬಿಬ್ಬರು ಕೂರುವ ಸಣ್ಣ ಹಾಯಿದೋಣಿ. ತಪ್ಪು ಮಾಡಿದರೆ ತಕ್ಷಣ ಮಗುಚಿ ನೀರಿಗೆ ಹಾಕುತ್ತದೆ. ಎರಡು ದಿನದಲ್ಲಿ ಹನ್ನೊಂದು ಬಾರಿ ಬಿದ್ದೆ. ದೊಡ್ಡ ದೋಣಿಯಿಂದಲೇ ಆರಂಭಿಸುವವರಿಗೆ ಹಾಯಿಯ ಭಾಷೆ ತಡವಾಗಿ ಬರುತ್ತದೆ ಎಂಬುದು ನನ್ನ ಅನುಭವ, ಆದ್ದರಿಂದ ಈ ಹಂತವನ್ನು ಬಿಡಬೇಡಿ.

2014ರ ಫೆಬ್ರವರಿಯಲ್ಲಿ ಪಶ್ಚಿಮ ಕರಾವಳಿಯ ಶಾಲೆಯೊಂದರಲ್ಲಿ ಐದು ದಿನದ 'ಕಾಂಪಿಟೆಂಟ್ ಕ್ರೂ' (ದೋಣಿಯ ಸಿಬ್ಬಂದಿಯಾಗಿ ದುಡಿಯುವುದನ್ನು ಕಲಿಸುವ ಕೋರ್ಸು), 2016ರಲ್ಲಿ ಅಲ್ಲಿಯೇ ಐದು ದಿನದ 'ಡೇ ಸ್ಕಿಪ್ಪರ್' (ಹಗಲಿನಲ್ಲಿ ದೋಣಿ ನಡೆಸುವುದನ್ನು ಕಲಿಸುವ ಕೋರ್ಸು) ಮುಗಿಸಿದೆ. ಮೊದಲನೆಯದಕ್ಕೆ ಯಾವ ಅನುಭವವೂ ಬೇಡ. ಎರಡನೆಯದಕ್ಕೆ ಸೇರುವ ಮೊದಲು ಐದು ದಿನ ಸಮುದ್ರದಲ್ಲಿ ಕಳೆದು, ನೂರು ನಾಟಿಕಲ್ ಮೈಲಿ ಸಾಗಿ, ನಾಲ್ಕು ಗಂಟೆಯಾದರೂ ರಾತ್ರಿಯ ಸಂಚಾರ ಮಾಡಿರಬೇಕು. ನಾಟಿಕಲ್ ಮೈಲಿ ಎಂದರೆ 1852 ಮೀಟರ್, ನಕಾಶೆಯ ಪಕ್ಕದಲ್ಲಿ ಅಕ್ಷಾಂಶದ ಒಂದು ಮಿನಿಟು. ಈ ಎರಡೂ ಕೋರ್ಸುಗಳು ಹಣಕ್ಕೆ ತಕ್ಕಂತಿದ್ದವು. ಬೋಧಕರು ತಾಳ್ಮೆಯವರು, ಲೈಫ್ ಜಾಕೆಟ್ಟು ಮತ್ತು ಸುರಕ್ಷಾ ಹಗ್ಗಗಳು ಸುಸ್ಥಿತಿಯಲ್ಲಿದ್ದವು. ನೀರಿಗೆ ಬಿದ್ದವನನ್ನು ಎತ್ತಿಕೊಳ್ಳುವ ಅಭ್ಯಾಸವನ್ನು, ಮನುಷ್ಯನ ಬದಲು ದೋಣಿಯ ಬದಿಗೆ ತೂಗುಬಿಡುವ ಒಂದು ಫೆಂಡರನ್ನು ನೀರಿಗೆಸೆದು, ನಮಗೆ ಸಾಕಾಗುವವರೆಗೂ ಮಾಡಿಸಿದರು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ಇಲ್ಲಿ ದೋಣಿಗಳು ಹೊರಡುತ್ತವೆ. ಚಳಿಗಾಲದಲ್ಲಿ ಬೆಳಗಿನ ಗಾಳಿ ನೆಲದಿಂದ, ಮಧ್ಯಾಹ್ನದ ಗಾಳಿ ವಾಯವ್ಯದಿಂದ, ಬಹುಮಟ್ಟಿಗೆ ಗಡಿಯಾರ ನೋಡಿಕೊಂಡು ಬರುವಂತೆ ಬರುತ್ತದೆ. ಕಲಿಯುವವರಿಗೆ ಇಷ್ಟು ಸೌಮ್ಯವಾದ ಕಾಲ ಇನ್ನೊಂದಿಲ್ಲ. ಅದೇ ಅದರ ಕೊರತೆಯೂ ಹೌದು. ಈ ಗಾಳಿಯಲ್ಲಷ್ಟೇ ಕಲಿತವನಿಗೆ ಹಾಯಿಯನ್ನು ಕುಗ್ಗಿಸಿ ಕಟ್ಟುವ ಸಂದರ್ಭವೇ ಅಪರೂಪವಾಗುತ್ತದೆ.

ನನ್ನ ಅಸಮಾಧಾನವೆಲ್ಲ ಇರುವುದು ಇದರ ಮುಂದಿನ ಮೆಟ್ಟಿಲಿನ ಬಗ್ಗೆ. ಆಫ್‌ಶೋರ್ ಪರೀಕ್ಷೆಗೆ ಕೂರುವವನಿಗೆ ಹದಿನೆಂಟು ವರ್ಷ ತುಂಬಿರಬೇಕು, 50 ದಿನ ಸಮುದ್ರದಲ್ಲಿ ಕಳೆದಿರಬೇಕು, 2500 ಮೈಲಿ ಸಾಗಿರಬೇಕು, 60 ಮೈಲಿ ಮೀರಿದ ಐದು ಪ್ರಯಾಣ ಮಾಡಿರಬೇಕು. ಆ ಐದರಲ್ಲಿ ಎರಡು ರಾತ್ರಿಯಿಡೀ ನಡೆದವಾಗಿರಬೇಕು, ಎರಡರಲ್ಲಿ ಅವನೇ ಸ್ಕಿಪ್ಪರ್ ಆಗಿರಬೇಕು. ಅರ್ಧದಷ್ಟು ಮೈಲಿಯಾದರೂ ಉಬ್ಬರವಿಳಿತವಿರುವ ನೀರಿನಲ್ಲಿ ಆಗಿರಬೇಕು. ಇದೆಲ್ಲವೂ ಪರೀಕ್ಷೆಗೆ ಮುಂಚಿನ ಹತ್ತು ವರ್ಷಗಳ ಒಳಗಿನದಾಗಿರಬೇಕು ಎಂಬ ನಿಯಮದಿಂದಾಗಿ, 2024ರ ಜೂನ್‌ನಲ್ಲಿ ಪರೀಕ್ಷೆಗೆ ಕುಳಿತ ನನಗೆ ನನ್ನ ಮೊಟ್ಟಮೊದಲ ಐದು ದಿನಗಳು ಲೆಕ್ಕಕ್ಕೆ ಬರದೇ ಹೋದವು. ದೋಣಿ ಇಲ್ಲದವನು ಇಷ್ಟು ಮೈಲಿ ಕೂಡಿಸುವುದು ಹೇಗೆ? ಇಲ್ಲಿಯೇ 'ಮೈಲಿ ಗಳಿಸುವ ಪ್ರಯಾಣ' ಎಂಬ ವ್ಯಾಪಾರ ಹುಟ್ಟಿಕೊಳ್ಳುತ್ತದೆ.

ಅಂಥ ಎರಡು ಪ್ರಯಾಣಗಳಿಗೆ ನಾನು ಹಣ ಕೊಟ್ಟೆ. ಮುಂಬೈಯಿಂದ ಗೋವೆಗೆ ಸಮುದ್ರದಲ್ಲಿ ಸುಮಾರು 220 ಮೈಲಿ. ಮೊದಲ ಪ್ರಯಾಣದಲ್ಲಿ ನಾಲ್ವರಿಗೆ ಆಗುವ ದೋಣಿಯಲ್ಲಿ ಎಂಟು ಜನರನ್ನು ತುಂಬಿದ್ದರು. ರಾತ್ರಿ ಗಾಳಿ ಸ್ವಲ್ಪ ತಗ್ಗಿದೊಡನೆ ಹಾಯಿ ಸುತ್ತಿ ಇಂಜಿನ್ ಹಾಕುವುದು, ಚುಕ್ಕಾಣಿಯನ್ನು ಆಟೋಪೈಲಟ್ಟಿಗೆ ಬಿಡುವುದು, ಬೆಳಗಾದ ಮೇಲೆ ಎಲ್ಲರ ಲಾಗ್‌ಬುಕ್ಕಿನಲ್ಲೂ ಅಷ್ಟೇ ಮೈಲಿ ಬರೆದು ಸಹಿ ಹಾಕುವುದು, ಇಷ್ಟೇ ನಡೆಯಿತು. ಧಾರವಾಡಕ್ಕೆ ಬಸ್ಸಿನಲ್ಲಿ ಹೋಗಿಬಂದವನಿಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟಂತೆ. ಎರಡನೆಯ ಪ್ರಯಾಣದಲ್ಲಿ ರತ್ನಾಗಿರಿಯ ಆಚೆ ಇಂಜಿನ್ನೇ ನಿಂತುಹೋಯಿತು. ಸಂಬಳದ ಸ್ಕಿಪ್ಪರ್ ಅರ್ಧ ಗಂಟೆ ಸ್ಟಾರ್ಟರ್ ಒತ್ತಿ ಬ್ಯಾಟರಿ ಇಳಿಸಿದ ಮೇಲೆ ನಾನು ಕೆಳಗಿಳಿದು ನೋಡಿದೆ. ಫಿಲ್ಟರ್ ಕಟ್ಟಿಕೊಂಡು ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿತ್ತು. ನಮ್ಮ ಅಂಗಡಿಗೆ ಬೇಸಿಗೆಯಲ್ಲಿ ದಿನಕ್ಕೆರಡು ಬರುವ ತಕರಾರು ಅದು. ಫಿಲ್ಟರ್ ಬದಲಿಸಿ, ಸ್ಕ್ರೂ ಸಡಿಲಿಸಿ, ಪಂಪು ಒತ್ತಿ ಏರ್ ತೆಗೆದಾಗ ಇಂಜಿನ್ ಎರಡನೆಯ ಯತ್ನಕ್ಕೆ ಎದ್ದಿತು. ಶುಲ್ಕದಲ್ಲಿ ಏನಾದರೂ ಕಡಿತ ಕೇಳಬಹುದಿತ್ತೇನೋ, ಸಂಕೋಚದಿಂದ ಕೇಳಲಿಲ್ಲ. ಆ ಇಂಜಿನ್ನಿನ ಗಂಟೆಗಳನ್ನು ಬಿಟ್ಟು ಉಳಿದ ಮೈಲಿಗಳನ್ನಷ್ಟೇ ನನ್ನ ಲಾಗ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿಯಮ ಅಷ್ಟು ಬಿಗಿಯಾಗಿ ಕೇಳುವುದಿಲ್ಲ, ಆದರೂ.

ನಿಜವಾದ ಮೈಲಿಗಳು ಸಿಕ್ಕಿದ್ದು ಬೇರೆ ಕಡೆ. ಗೋವೆಯಲ್ಲಿರುವ ಗೆಳೆಯನೊಬ್ಬ 34 ಅಡಿಯ ಹಳೆಯ ದೋಣಿ ಕೊಂಡಿದ್ದ, ಅದರ ಇಂಜಿನ್ನಿನ ಆರೈಕೆ ನನ್ನ ಪಾಲಿಗೆ ಬಂದಿತ್ತು, ಪ್ರತಿಯಾಗಿ ವರ್ಷಕ್ಕೆ ಮೂರ್ನಾಲ್ಕು ಬಾರಿ ಅದನ್ನು ಹೊರಗೆ ಒಯ್ಯುವ ಅವಕಾಶ ನನ್ನದಾಗಿತ್ತು. ಮೊದಮೊದಲು ಅವನು ಸ್ಕಿಪ್ಪರ್, ನಾನು ಕ್ರೂ. 2022ರಿಂದ ನಾನೇ ಸ್ಕಿಪ್ಪರ್. ತಿನ್ನುವುದಕ್ಕೆ ಅವ್ವ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಇರುತ್ತಿದ್ದವು. ಒಲೆ ಹಚ್ಚಲಾಗದ ಅಲೆಯಲ್ಲೂ ತಿನ್ನಬಹುದಾದ, ವಾರ ಕಳೆದರೂ ಕೆಡದ ಆಹಾರ ಇದಕ್ಕಿಂತ ಒಳ್ಳೆಯದು ನಾನು ಯಾವ ಬಂದರಿನಲ್ಲೂ ಕಂಡಿಲ್ಲ.

2023ರ ಜನವರಿಯಲ್ಲಿ ಮುಂಬೈಯಿಂದ ಹಿಂದಿರುಗುವಾಗಿನ ಎರಡನೆಯ ರಾತ್ರಿಯನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಹುಬ್ಬಳ್ಳಿಯ ತರಗತಿಯ ಬೆಲೆ ನನಗೆ ತಿಳಿದದ್ದು ಆಗ. ನಾವು ನಾಲ್ವರು. ಮಾಲವಣ ದಾಟಿ ದಕ್ಷಿಣಕ್ಕೆ ಬಂದಿದ್ದೆವು, ವೆಂಗುರ್ಲಾ ಬಂಡೆಗಳ ದೀಪಸ್ತಂಭ ಮುಂದೆ ಮಿನುಗುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಗಾಳಿ ಸತ್ತುಹೋಯಿತು. ಇಂಜಿನ್ ಹಾಕಿ ಹತ್ತು ನಿಮಿಷವಾಗಿರಲಿಲ್ಲ, ದೀಪವಿಲ್ಲದ ಮೀನುಬಲೆಯೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡು ಇಂಜಿನ್ ನಿಂತಿತು. ಗಾಳಿಯಿಲ್ಲ, ಇಂಜಿನ್ನಿಲ್ಲ, ದೋಣಿ ನಿಧಾನವಾಗಿ ಬಂಡೆಗಳ ಕಡೆಗೆ ಸರಿಯುತ್ತಿದೆ ಎಂದು ಹತ್ತು ನಿಮಿಷದ ಅಂತರದಲ್ಲಿ ಅಳೆದ ಎರಡು ಕೋನಗಳು ಹೇಳಿದವು. ಕೂಡಲೇ ನೀರಿಗಿಳಿದು ಬಲೆ ಕತ್ತರಿಸುವುದಾಗಿ ಒಬ್ಬ ಮುಂದೆ ಬಂದ, ರೇಡಿಯೊದಲ್ಲಿ ಸಹಾಯ ಕೇಳೋಣ ಎಂದು ಇನ್ನೊಬ್ಬ. ಆಗ ನನಗೆ ಗೋಕುಲ ರಸ್ತೆಯ ಆ ಕೋಣೆ, ಎಂಟು ಜೊತೆ ಕಣ್ಣು, ಎರಡು ನಿಮಿಷ ನೆನಪಾದವು. ನಿರ್ಧಾರ ಹೇಳಿದೆ: ಆಳ 18 ಮೀಟರ್ ಇದೆ, ಲಂಗರು ಹಾಕೋಣ, ಕತ್ತಲಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ, ಬೆಳಗಿನ ನೆಲಗಾಳಿ ಬಂದರೆ ಹಾಯಿಯಲ್ಲೇ ಹೊರಡೋಣ. ಲಂಗರು ಹಿಡಿಯದೆ ಜಾರಿದರೆ ಆಗ ರೇಡಿಯೊದ 16ನೆಯ ಚಾನೆಲ್‌ನಲ್ಲಿ ಕರೆ ಮಾಡುವುದು, ಆ ಕರೆಯ ಮಾತುಗಳನ್ನು ಈಗಲೇ ಕಾಗದದಲ್ಲಿ ಬರೆದಿಡುವುದು. ನಲವತ್ತು ಮೀಟರ್ ಸರಪಳಿಯನ್ನೂ ಅದರ ಹಿಂದೆ ಐವತ್ತು ಮೀಟರ್ ಹಗ್ಗವನ್ನೂ ಬಿಟ್ಟೆವು. ಲಂಗರು ಹಿಡಿಯಿತು. ಆರೂವರೆಗೆ ಬೆಳಕಾದ ಮೇಲೆ ಇಂಜಿನ್ನಿನ ಕೀಲಿಕೈ ತೆಗೆದು ನನ್ನ ಜೇಬಿನಲ್ಲಿಟ್ಟುಕೊಂಡು, ಈಜು ಬಲ್ಲವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆವು. ಇಪ್ಪತ್ತು ನಿಮಿಷದಲ್ಲಿ ಬಲೆ ಬಿಚ್ಚಿ ಬಂತು. ಯಾವುದೋ ಬಡ ಮೀನುಗಾರನ ಬಲೆಯನ್ನು ಹಾಳು ಮಾಡಿದ ಬೇಸರ ಗೋವೆ ತಲುಪುವವರೆಗೂ ಹೋಗಲಿಲ್ಲ.

ಇನ್ನು ಪರೀಕ್ಷೆ. ಇಂಗ್ಲೆಂಡಿನ ಸೋಲೆಂಟ್ ಎಂಬ ಜಲಸಂಧಿಯನ್ನು ಆರಿಸಿಕೊಂಡದ್ದು ದುಬಾರಿಯಾಯಿತು. ವಿಮಾನ, ವೀಸಾ, ತಯಾರಿಯ ವಾರ, ಪರೀಕ್ಷಾ ಶುಲ್ಕ ಎಲ್ಲ ಸೇರಿ ಒಂದು ಹೊಸ ಮೋಟಾರು ಬೈಕಿನ ಹಣವನ್ನು ದಾಟಿತು. ಆದರೆ ಉಬ್ಬರವಿಳಿತದ ಪರೀಕ್ಷೆಗೆ ಅದಕ್ಕಿಂತ ಕಠಿಣ ಜಾಗ ಸಿಗುವುದು ಕಷ್ಟ. ಸೌತಾಂಪ್ಟನ್ನಿನಲ್ಲಿ ಒಂದೇ ಉಬ್ಬರ ಎರಡು ಬಾರಿ ತುದಿ ಮುಟ್ಟುತ್ತದೆ, ಬಾಳೆಹಣ್ಣಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹರ್ಸ್ಟ್ ಕೋಟೆಯ ಬಳಿಯ ಇಕ್ಕಟ್ಟಿನಲ್ಲಿ ಹುಣ್ಣಿಮೆಯ ದಿನಗಳ ಪ್ರವಾಹ ನಾಲ್ಕು ನಾಟ್, ಅಂದರೆ ಗಂಟೆಗೆ ನಾಲ್ಕು ನಾಟಿಕಲ್ ಮೈಲಿ, ಮೀರುತ್ತದೆ. ಐದು ನಾಟ್ ವೇಗದ ದೋಣಿ ಅದಕ್ಕೆ ಎದುರಾಗಿ ನಿಂತರೆ ಮುಂದೆ ಹೋಗುವುದು ಗಂಟೆಗೆ ಒಂದು ಮೈಲಿಯೂ ಇಲ್ಲ. ತಯಾರಿಯ ವಾರದ ಬೋಧಕ ಚುರುಕಾದವನು, ಆದರೆ ಪರೀಕ್ಷೆಗೆ ಬೇಕಾದ ತಂತ್ರಗಳನ್ನು ತಿದ್ದುವುದರಾಚೆ ಹೋಗಲಿಲ್ಲ. ಅವನು ಮಾರುವುದೂ ಅಷ್ಟನ್ನೇ, ದೂರಲಾರೆ.

ಪರೀಕ್ಷಕರು ಶಾಲೆಯವರಲ್ಲ, ಹೊರಗಿನಿಂದ ಬರುವವರು. ಒಬ್ಬ ಅಭ್ಯರ್ಥಿಯಿದ್ದರೆ 8ರಿಂದ 12 ಗಂಟೆ, ಇಬ್ಬರಿದ್ದರೆ 10ರಿಂದ 18 ಗಂಟೆ ಪರೀಕ್ಷೆ ನಡೆಯುತ್ತದೆ. ನಾವು ಇಬ್ಬರಿದ್ದೆವು, ಮುಗಿದಾಗ ರಾತ್ರಿ ಒಂದು ಗಂಟೆ. ನನ್ನನ್ನು ಕೆಳಗಿನ ನಕಾಶೆ ಮೇಜಿನ ಮುಂದೆ ಕೂರಿಸಿ, ದಟ್ಟ ಮಂಜು ಕವಿದಿದೆ ಎಂದುಕೊಂಡು, ನೀರಿನ ಆಳ ಮತ್ತು ಸಾಗಿದ ದೂರ ಇವೆರಡನ್ನೇ ನೋಡಿಕೊಂಡು ಒಂದು ತೇಲುಗುರುತಿನ ಬಳಿಗೆ ದೋಣಿಯನ್ನು ತಲುಪಿಸಲು ಹೇಳಿದರು. ಹೊರಗೆ ತಲೆ ಹಾಕುವಂತಿಲ್ಲ, ಪರದೆಯಿಲ್ಲ. ನೇರವಾಗಿ ಗುರುತಿನ ಕಡೆಗೆ ಹೋಗುವ ಬದಲು ಬೇಕೆಂದೇ ಅದರ ಒಂದು ಬದಿಗೆ ಹೋಗಿ, ಐದು ಮೀಟರ್ ಆಳದ ಗೆರೆ ಹಿಡಿದು, ಅದರ ಗುಂಟ ಸಾಗಿ ತಲುಪಿದೆ. ಏಕೆ ಹಾಗೆ ಮಾಡಿದಿರಿ ಎಂದು ಕೇಳಿದಾಗ, ನೇರ ಹೋಗಿ ಸಿಗದಿದ್ದರೆ ಗುರುತು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ ಎಂದೆ. ಜಿಪಿಎಸ್ಸನ್ನು ಕಂಡರಾಗದ ಸರ್ ಆಗ ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ. ನನ್ನ ಜೊತೆಗಿದ್ದ ಅಭ್ಯರ್ಥಿಗೆ ನನ್ನ ಎರಡರಷ್ಟು ಮೈಲಿಗಳಿದ್ದವು, ಆತ ಅನುತ್ತೀರ್ಣನಾದ. ಕ್ರೂಗೆ ಏನು ಮಾಡಬೇಕೆಂದು ಹೇಳದೆ ಎಲ್ಲವನ್ನೂ ತಾನೇ ಓಡಾಡಿ ಮಾಡುತ್ತಿದ್ದ.

ಈ ಅರ್ಹತೆಗೆ ವೈದ್ಯಕೀಯ ಪರೀಕ್ಷೆ ಮತ್ತು ಸಮುದ್ರದಲ್ಲಿ ಪ್ರಾಣ ಉಳಿಸಿಕೊಳ್ಳುವ ತರಬೇತಿ ಮುಂತಾದವನ್ನು ಸೇರಿಸಿ ವಾಣಿಜ್ಯ ಅನುಮೋದನೆ ಪಡೆದರೆ, ಆಶ್ರಯ ಬಂದರಿನಿಂದ 150 ಮೈಲಿಯವರೆಗೆ ಸಂಬಳಕ್ಕೆ ದೋಣಿ ನಡೆಸಬಹುದು. ಪರೀಕ್ಷೆಯ ಇನ್ನೊಂದು ಮೆಟ್ಟಿಲಾದ 'ಕೋಸ್ಟಲ್'ಗೆ 30 ದಿನ ಮತ್ತು 800 ಮೈಲಿ ಸಾಕು, ಆದರೆ ಸಂಬಳದ ಕೆಲಸ 20 ಮೈಲಿಯೊಳಗೇ ನಿಲ್ಲುತ್ತದೆ. ನಾನು ಅನುಮೋದನೆ ಮಾಡಿಸಿಲ್ಲ, ಅಂಗಡಿ ಬಿಟ್ಟು ಹೋಗುವ ಇರಾದೆಯಿಲ್ಲ. ಇದನ್ನೇ ಉದ್ಯೋಗವಾಗಿಸಿಕೊಳ್ಳಬೇಕೆಂದಿರುವ ಹುಡುಗರು ಮಾತ್ರ ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಹಸಿರು ಕೆಂಪು ಬಣ್ಣ ಗುರುತಿಸಲಾಗದ ಕಣ್ಣಿದ್ದರೆ ಅದು ಆಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯಲಿ.

ಅಳಿಯನಿಗೆ ನಾನು ಹೇಳಿದ್ದು ಹೀಗೆ: ಹುಬ್ಬಳ್ಳಿಯ ತರಗತಿಗೆ ಕಣ್ಣು ಮುಚ್ಚಿ ಸೇರು, ಡಿಂಗಿಗೂ ಮೊದಲ ಎರಡು ಕೋರ್ಸುಗಳಿಗೂ ಹಣ ಹಾಕು, ಮೈಲಿ ಗಳಿಸುವ ಪ್ರಯಾಣಕ್ಕೆ ಕೊಡುವ ಮೊದಲು ಎಷ್ಟು ಜನ, ರಾತ್ರಿ ಚುಕ್ಕಾಣಿ ಯಾರ ಕೈಯಲ್ಲಿ, ಇಂಜಿನ್ ಎಷ್ಟು ಹೊತ್ತು ಎಂದು ಬರೆದು ಕೇಳು, ಉತ್ತರ ಬಾರದಿದ್ದರೆ ಹೋಗಬೇಡ, ಅದರ ಬದಲು ಕೈಕೆಲಸವೊಂದನ್ನು ಕಲಿತು ದೋಣಿಯುಳ್ಳವನ ಸ್ನೇಹ ಸಂಪಾದಿಸು. ಅವನು ಮೊನ್ನೆ ಮೊದಲ ಬಾರಿಗೆ ಸ್ಕಿಪ್ಪರ್ ಕುರ್ಚಿಯಲ್ಲಿ ಕುಳಿತು ಎರಡು ನಿಮಿಷ ಪೂರ್ತಿ ಬಾಯಿ ಬಿಡದೆ ಎದ್ದುಬಂದನಂತೆ.

ಸೇರಬಯಸುವವರ ಅನುಕೂಲಕ್ಕೆ: ತಂಡ ಶುರುವಾಗುವುದು ದಸರೆಯ ನಂತರದ ಭಾನುವಾರ, ವರ್ಷಕ್ಕೆ ಒಂದೇ ತಂಡ. ಡಿವೈಡರ್, ಅಳತೆಪಟ್ಟಿ ಮತ್ತು 2ಬಿ ಪೆನ್ಸಿಲನ್ನು ನೀವೇ ಒಯ್ಯಬೇಕು; ಗಟ್ಟಿ ಮೊನೆಯ ಪೆನ್ಸಿಲಿನಿಂದ ನಕಾಶೆ ಹರಿದರೆ ಸರ್ ಇಡೀ ವಾರ ಮಾತಾಡುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋಗುವುದುಂಟು, ನೀರಿನ ಬಾಟಲಿ ಇರಲಿ. ಮಹಡಿಯ ಮೆಟ್ಟಿಲಿಗೆ ದೀಪವಿಲ್ಲ, ಹನ್ನೆರಡು ವರ್ಷದಿಂದಲೂ ಇಲ್ಲ.